ಎಂಜಿನ್ನಿನ ಪರಕಾಯ ಪ್ರವೇಶ

(ಗಲಗಲಿಯ ಸಭೆಯೊಂದಕ್ಕಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಕೃಷ್ಣೆಯ ದಂಡೆಯಲ್ಲಿರುವ ಈ ಊರನ್ನು ಗಾಲವ ಋಷಿಯ ಕ್ಷೇತ್ರವೆಂದು ಹಿರಿಯರು ಕರೆಯುತ್ತ ಬಂದಿದ್ದಾರೆ. ಸಂಸ್ಕೃತದ ಚಂಪೂಕಾವ್ಯಕ್ಕಾಗಿ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪಂಢರಿನಾಥಾಚಾರ್ಯರ ಹೆಸರಿನೊಂದಿಗೂ ಈ ಊರಿನ ಹೆಸರು ಸೇರಿಕೊಂಡಿದೆ. ಇಂಥ ಊರಿನಲ್ಲಿ 'ಪರಕಾಯ ಪ್ರವೇಶ' ಎಂಬ ಮಾತಿನ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜೀವ ತನ್ನ ದೇಹವನ್ನು ಬಿಟ್ಟು ಇನ್ನೊಂದು ದೇಹವನ್ನು ಹೊಕ್ಕು ನಡೆಯುವುದೇ ಪರಕಾಯ ಪ್ರವೇಶ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯನ್ನು ಕೇಳದವರು ಕಡಿಮೆ. ಇಂದಿನ ವಿಷಯವೂ ಅದೇ ಜಾತಿಯದು. ಆದರೆ ಇಲ್ಲಿ ಹೊಕ್ಕುವುದು ಎಂಜಿನ್, ಹೊಕ್ಕಿಸಿಕೊಳ್ಳುವುದು ಕಾರು.

ಕಾಡುದಾರಿಯ ರ‍್ಯಾಲಿ ಸ್ಪರ್ಧೆಗಾಗಿ ಬೆಳೆಸಿದ, ಟರ್ಬೊ ಜೋಡಿಸಿದ ಎಂಜಿನ್ನನ್ನು ತೆಗೆದು ಎರಡೇ ಆಸನದ ಪುಟ್ಟ ಸ್ಪೋರ್ಟ್ಸ್ ಕಾರಿನೊಳಗೆ ಕೂಡಿಸುವ ಹವ್ಯಾಸ ಜಪಾನ್, ಇಂಗ್ಲೆಂಡ್, ಅಮೆರಿಕಗಳಲ್ಲಿ ಬಹಳ ಹಿಂದಿನಿಂದ ಇದೆ. ಕೇಳುವುದಕ್ಕೆ ಇದು ಸಿರಿವಂತರ ಆಟದಂತೆ ತೋರುತ್ತದೆ. ಸ್ವಲ್ಪ ಒಳಹೊಕ್ಕು ನೋಡಿದರೆ ಗಲಗಲಿ, ಬೀಳಗಿ, ಮುಧೋಳ, ಜಮಖಂಡಿಯ ರೈತನಿಗೂ ಮೇಸ್ತ್ರಿಗೂ ಇದರಲ್ಲಿ ತಿಳಿಯಬೇಕಾದ ಮಾತೊಂದಿದೆ ಎಂಬುದು ಗೊತ್ತಾಗುತ್ತದೆ.

ದಂಡೆಯ ಎಂಜಿನ್

ವಿದ್ಯುತ್ ಪಂಪುಗಳು ಬರುವುದಕ್ಕೆ ಮೊದಲು ಹೊಳೆಸಾಲಿನ ಹೊಲಗಳಿಗೆ ನೀರೆತ್ತಿದವು ಡೀಸೆಲ್ ಎಂಜಿನ್‌ಗಳು. ಐದು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಯಂತ್ರ. ಒಂದು ಕಡೆ ಭಾರವಾದ ಗಾಲಿ, ಇನ್ನೊಂದು ಕಡೆ ಪಟ್ಟಾ. ಈ ಯಂತ್ರಕ್ಕೂ ಈ ಸೀಮೆಗೂ ಹಳೆಯ ನಂಟಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, ಕಬ್ಬಿಣದ ನೇಗಿಲು ಮಾಡಿದರು, 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಅದೇ ಮನೆತನದ ಆಯಿಲ್ ಎಂಜಿನ್ ಕಂಪೆನಿ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು.

ಈ ಎಂಜಿನ್ನನ್ನು ರೈತನು ಒಂದೇ ಕೆಲಸಕ್ಕೆ ಕಟ್ಟಿಹಾಕಲಿಲ್ಲ. ಬೇಸಿಗೆಯಲ್ಲಿ ಪಂಪಿಗೆ ಕೂಡಿಸಿದ. ಪಟ್ಟಾ ಬದಲಿಸಿ ಕಬ್ಬಿನ ಗಾಣಕ್ಕೆ ಹೂಡಿದ. ಗಿರಣಿಯ ಕಲ್ಲು ತಿರುಗಿಸಿದ. ಒಂದೇ ಜೀವ ಮೂರು ದೇಹಗಳಲ್ಲಿ ದುಡಿಯಿತು. ಪಂಪು, ಗಾಣ, ಗಿರಣಿ ಮೂರೂ ನಿಂತಲ್ಲೇ ನಿಲ್ಲುವ ಯಂತ್ರಗಳಾದ್ದರಿಂದ ಈ ಅದಲುಬದಲಿನಲ್ಲಿ ಅಪಾಯ ಕಡಿಮೆ ಇತ್ತು. ಹೊಂದಾಣಿಕೆ ತಪ್ಪಿದರೆ ಪಟ್ಟಾ ಜಾರುತ್ತದೆ, ಹೊಗೆ ಬರುತ್ತದೆ, ಎಂಜಿನ್ ನಿಲ್ಲುತ್ತದೆ. ಅಷ್ಟೇ. ಅದೇ ಪ್ರಯೋಗವನ್ನು ಓಡುವ ವಾಹನದಲ್ಲಿ ಮಾಡಿದರೆ ತಪ್ಪಿನ ಬೆಲೆ ಬೇರೆಯಾಗುತ್ತದೆ.

ಒಡಲು ಒಂದೂರಿನದು, ಎಂಜಿನ್ ಇನ್ನೊಂದೂರಿನದು

ಭಾರತದ ರಸ್ತೆಗಳಲ್ಲಿ ಓಡಿದ ಎಷ್ಟೋ ಕಾರುಗಳು ಇಂಥ ಕೂಡಿಕೆಯಿಂದಲೇ ಹುಟ್ಟಿದವು ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. 1980ರ ದಶಕದಲ್ಲಿ ಬಂದ ಕಾಂಟೆಸಾ ಕಾರಿನ ಒಡಲು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಂಪೆನಿಯದು. ಅದರೊಳಗೆ ಮೊದಲು ಕೂಡಿಸಿದ್ದು ಅಂಬಾಸಡರಿನ 1489 ಸಿಸಿಯ ಹಳೆಯ ಎಂಜಿನ್. ದೊಡ್ಡ ದೇಹಕ್ಕೆ ಸಣ್ಣ ಜೀವ. ಕಾರು ಏದುಸಿರು ಬಿಡುತ್ತಿತ್ತು. ಕೆಲವು ವರ್ಷಗಳ ಮೇಲೆ ಜಪಾನಿನ ಇಸುಜು ಕಂಪೆನಿಯ 1.8 ಲೀಟರ್ ಎಂಜಿನ್ನೂ ಐದು ಗೇರಿನ ಪೆಟ್ಟಿಗೆಯೂ ಬಂದ ಮೇಲೆ ಅದೇ ಒಡಲು ಬೇರೆಯದೇ ಕಾರು ಎನ್ನಿಸಿಕೊಂಡಿತು. 1992ರಲ್ಲಿ ಇಸುಜು ಎಂಜಿನ್ ಅಂಬಾಸಡರಿಗೂ ಬಂತು. 1985ರ ಪ್ರೀಮಿಯರ್ 118 ಎನ್‌ಇ ಕಾರಿನ ಮೈ ಇಟಲಿಯ ಫಿಯೆಟ್ 124ರದು, ಎಂಜಿನ್ ಜಪಾನಿನ ನಿಸಾನ್ ಕಂಪೆನಿಯದು. ಈ ಭಾಗದ ಹಳ್ಳಿಗಳಲ್ಲಿ ಟಾಪಿನ ಮೇಲೂ ಜನರನ್ನು ಹೊತ್ತು ಓಡಿದ ಮಹೀಂದ್ರಾ ಜೀಪುಗಳ ಕಥೆಯೂ ಅದೇ. ಅಮೆರಿಕದ ಪೆಟ್ರೋಲ್ ಎಂಜಿನ್ನಿನೊಂದಿಗೆ ಹುಟ್ಟಿದ ಜೀಪು ಮುಂದೆ ಡೀಸೆಲ್‌ಗೆ ಹೊರಳಿ ಫ್ರಾನ್ಸಿನ ಪ್ಯೂಜೊ ಎಂಜಿನ್ನನ್ನು ಒಳಗೆ ಕರೆದುಕೊಂಡಿತು.

ಸ್ಪೋರ್ಟ್ಸ್ ಕಾರಿನ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕಡೆ ನೋಡಬೇಕು. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಕಂಪೆನಿ 'ಸ್ಟಾರ್ಮ್' ಎಂಬ ಎರಡು ಆಸನದ, ಛಾವಣಿ ತೆಗೆಯಬಹುದಾದ ಕಾರನ್ನು ಹೊರತಂದಿತು. ಅದರ ಮೈ ಫೈಬರ್ ಗ್ಲಾಸಿನದು. ಎಂಜಿನ್ ಫ್ರಾನ್ಸಿನ ರೆನೊ ಕಂಪೆನಿಯದು, 1149 ಸಿಸಿ, ಸುಮಾರು 60 ಅಶ್ವಶಕ್ತಿ. ಸಣ್ಣ ಕುಟುಂಬದ ಕಾರಿಗೆ ಮಾಡಿದ ಎಂಜಿನ್ ಇಲ್ಲಿ ವಿಲಾಸದ ಕಾರನ್ನು ಎಳೆಯಿತು.

ಅದಕ್ಕೂ ಮೊದಲು, 1982ರಲ್ಲಿ, ಬೆಂಗಳೂರಿನಲ್ಲೇ ಸಿಪಾನಿ ಕಂಪೆನಿಯ 'ಡಾಲ್ಫಿನ್' ಬಂದಿತ್ತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಆಧಾರದ ಮೇಲೆ ಮಾಡಿದ ಇದರ ಎಂಜಿನ್ ಕೇವಲ 848 ಸಿಸಿ. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಆದರೆ ಆ ಕಾಲದ ಮೋಟಾರು ಸ್ಪರ್ಧೆಗಳಲ್ಲಿ ದೊಡ್ಡ ಎಂಜಿನ್ನಿನ ಕಾರುಗಳಿಗೆ ಅದು ಸಾಕಷ್ಟು ಬೆವರಿಳಿಸಿತು. ಅದರ ಫೈಬರ್ ಮೈ ಅಷ್ಟು ಹಗುರವಾಗಿತ್ತು. ಓಟದಲ್ಲಿ ಗೆಲ್ಲಿಸುವುದು ಎಂಜಿನ್ನೊಂದೇ ಅಲ್ಲ, ಎಂಜಿನ್ನಿಗೂ ದೇಹಕ್ಕೂ ಇರುವ ಅನುಪಾತ. ಮುಧೋಳ ನಾಯಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆಳವಾದ ಎದೆ, ಕಿರಿದಾದ ನಡು, ಉದ್ದ ಕಾಲು. ಒಂದಕ್ಕೊಂದು ಅಳೆದು ಮಾಡಿದ ಹಾಗೆ. ಅದರ ಓಟ ಎದೆಯೊಳಗೊಂದೇ ಇಲ್ಲ, ಇಡೀ ಮೈಯಲ್ಲಿದೆ.

ಎಳೆತ ಮತ್ತು ಓಟ

ಮುಂದಿನ ಮಾತಿಗೆ ಬರುವ ಮೊದಲು ಎರಡು ಶಬ್ದಗಳನ್ನು ಬೇರ್ಪಡಿಸಿಕೊಳ್ಳಬೇಕು. ಎಂಜಿನ್ನಿನ ವಿಷಯದಲ್ಲಿ ಜನ 'ಪವರ್' ಎಂಬ ಒಂದೇ ಮಾತನ್ನು ಎಲ್ಲದಕ್ಕೂ ಬಳಸುತ್ತಾರೆ. ಎಂಜಿನಿಯರರು ಎರಡು ಮಾತು ಬಳಸುತ್ತಾರೆ: ಟಾರ್ಕ್ ಮತ್ತು ಪವರ್. ಈ ಭಾಗದ ಜಾತ್ರೆಗಳಲ್ಲಿ ಈ ಎರಡಕ್ಕೂ ಬೇರೆಬೇರೆ ಸ್ಪರ್ಧೆಗಳಿವೆ. ಚಕ್ರ ತಿರುಗದಂತೆ ಮಾಡಿದ ಭಾರದ ಬಂಡಿಯನ್ನು ಎತ್ತುಗಳು ಜಗ್ಗುವ ತೆರಬಂಡಿ ಸ್ಪರ್ಧೆಯಲ್ಲಿ ಗೆಲ್ಲುವುದು ಎಳೆತ, ಅಂದರೆ ಟಾರ್ಕ್. ಹಗುರಾದ ಚಕ್ಕಡಿಯನ್ನು ಕಟ್ಟಿಕೊಂಡು ಧೂಳೆಬ್ಬಿಸಿ ಓಡುವ ಶರ್ಯತ್ತಿನಲ್ಲಿ ಗೆಲ್ಲುವುದು ಪವರ್. ಅಂದರೆ ಎಳೆತವನ್ನು ಎಷ್ಟು ಬೇಗಬೇಗ ಮತ್ತೆಮತ್ತೆ ಕೊಡಬಲ್ಲದು ಎಂಬ ಲೆಕ್ಕ. ತೆರಬಂಡಿಯ ಜೋಡಿ ಓಟದಲ್ಲಿ ಗೆಲ್ಲಲೇಬೇಕೆಂದಿಲ್ಲ. ಟ್ರ್ಯಾಕ್ಟರ್ ಎಂಜಿನ್ ತೆರಬಂಡಿಯ ಎತ್ತು. ಸ್ಪೋರ್ಟ್ಸ್ ಕಾರಿನ ಎಂಜಿನ್ ಓಟದ ಎತ್ತು. ಎರಡೂ ಗುಣಗಳನ್ನು ಒಂದೇ ಎಂಜಿನ್ನಿನಲ್ಲಿ ಕೂಡಿಸಬೇಕಾದ ಒತ್ತಾಯ ಬಂದದ್ದು ರ‍್ಯಾಲಿಯಲ್ಲಿ. ಅದಕ್ಕೆ ದೊರೆತ ಉಪಾಯವೇ ಟರ್ಬೊ.

ಟರ್ಬೊ ಎಂದರೇನು? ಎಂಜಿನ್ನಿನೊಳಗೆ ಉರಿಯುವುದು ಇಂಧನ ಮಾತ್ರವಲ್ಲ, ಗಾಳಿ ಸೇರಿದ ಇಂಧನ. ಹೆಚ್ಚು ಶಕ್ತಿ ಬೇಕಾದರೆ ಹೆಚ್ಚು ಇಂಧನ ಸುಡಬೇಕು. ಅದಕ್ಕೆ ಹೆಚ್ಚು ಗಾಳಿ ಬೇಕು. ಕಮ್ಮಾರನು ತಿದಿಯೊತ್ತಿ ಕುಲುಮೆಯ ಬೆಂಕಿಯನ್ನು ಎಬ್ಬಿಸುವಂತೆ, ಟರ್ಬೊ ಎಂಜಿನ್ನಿಗೆ ಗಾಳಿ ಒತ್ತುತ್ತದೆ. ಚಮತ್ಕಾರ ಏನೆಂದರೆ ಈ ತಿದಿಯನ್ನು ಒತ್ತಲು ಬೇರೆ ಆಳು ಬೇಕಾಗಿಲ್ಲ. ಸೈಲೆನ್ಸರಿನ ಮೂಲಕ ಹೊರಗೆ ಹೋಗಿ ವ್ಯರ್ಥವಾಗುತ್ತಿದ್ದ ಬಿಸಿಹೊಗೆಯೇ ಒಂದು ಸಣ್ಣ ಗಾಲಿಯನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಗಾಲಿ ಹೊರಗಿನ ಗಾಳಿಯನ್ನು ಹಿಡಿದು ಒಳಕ್ಕೆ ಒತ್ತುತ್ತದೆ. ಈ ಪುಟ್ಟ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮಿಕ್ಕಿ ತಿರುಗಬಲ್ಲದು. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಶಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ. ಹಡಗು, ವಿಮಾನ, ಲಾರಿಗಳಲ್ಲಿ ಬಳಕೆಗೆ ಬಂದು, 1970ರ ದಶಕದಲ್ಲಿ ಅದು ಯುರೋಪಿನ ಕಾರುಗಳಲ್ಲಿ ಬೇರೂರಿತು.

ಇದರ ದೋಷಗಳೂ ಗೊತ್ತಿರಬೇಕು. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಕೈಸುಡುವುದು ಇದಕ್ಕೇ. ಬಿಸಿಗಾಳಿ ಹಿಗ್ಗಿ ವಿರಳವಾಗುತ್ತದೆ. ಆದ್ದರಿಂದ ಅದನ್ನು ತಣಿಸಲು ಇಂಟರ್‌ಕೂಲರ್ ಎಂಬ ಇನ್ನೊಂದು ರೇಡಿಯೇಟರ್ ಬೇಕು. ಎರಡನೆಯದಾಗಿ, ಹೊಗೆಯ ರಭಸ ಏರುವವರೆಗೆ ಗಾಲಿ ವೇಗ ಪಡೆಯುವುದಿಲ್ಲ. ಚಾಲಕ ಆಕ್ಸಿಲರೇಟರ್ ತುಳಿದ ಮೇಲೆ ಒಂದು ಕ್ಷಣ ಏನೂ ಆಗದೆ, ಅನಂತರ ಶಕ್ತಿಯೆಲ್ಲ ಒಮ್ಮೆಗೇ ನುಗ್ಗಿ ಬರುತ್ತದೆ. ತಿರುವಿನಲ್ಲಿರುವ ಹಗುರ ಕಾರಿಗೆ ಈ ನುಗ್ಗಾಟ ಅಪಾಯಕರ.

ರ‍್ಯಾಲಿಯ ಗರಡಿ

ರ‍್ಯಾಲಿ ಎಂದರೆ ವೃತ್ತಾಕಾರದ ಡಾಂಬರು ಪಥದ ಪಂದ್ಯವಲ್ಲ. ಮಣ್ಣು, ಜಲ್ಲಿ, ಹಿಮ, ಹಳ್ಳದ ನೀರು, ಏರು, ಇಳಿತ ಇವುಗಳ ಮೇಲೆ ಗಡಿಯಾರದ ವಿರುದ್ಧ ಓಡುವುದು. ಟರ್ಬೊ ಕಾರೊಂದು ವಿಶ್ವ ರ‍್ಯಾಲಿಯಲ್ಲಿ ಮೊದಲು ಗೆದ್ದದ್ದು 1979ರ ಸ್ವೀಡನ್ ರ‍್ಯಾಲಿಯಲ್ಲಿ. ಕಾರು ಸಾಬ್ 99, ಚಾಲಕ ಸ್ಟಿಗ್ ಬ್ಲೊಮ್‌ಕ್ವಿಸ್ಟ್. 1980ರಲ್ಲಿ ಜರ್ಮನಿಯ ಆಡಿ ಕಂಪೆನಿ ಟರ್ಬೊ ಎಂಜಿನ್ನನ್ನೂ ನಾಲ್ಕು ಚಕ್ರಗಳ ಎಳೆತವನ್ನೂ ಕೂಡಿಸಿ 'ಕ್ವಾಟ್ರೊ' ಕಾರನ್ನು ತಂದಿತು. ಮರುವರ್ಷ ಅದೇ ಕಾರಿನಲ್ಲಿ ಫ್ರಾನ್ಸಿನ ಮಿಶೆಲ್ ಮೂತೊ ಇಟಲಿಯ ಸಾನ್ ರೆಮೊ ರ‍್ಯಾಲಿ ಗೆದ್ದಳು. ವಿಶ್ವ ರ‍್ಯಾಲಿಯೊಂದನ್ನು ಗೆದ್ದ ಮೊದಲ ಮಹಿಳೆ ಆಕೆ.

ಆಮೇಲೆ ಶಕ್ತಿಯ ಪೈಪೋಟಿ ಮಿತಿ ಮೀರಿತು. 'ಗ್ರೂಪ್ ಬಿ' ಎಂಬ ವರ್ಗದ ನಿಯಮದಂತೆ 200 ಕಾರುಗಳನ್ನು ಮಾಡಿದರೆ ಸಾಕು, ಸ್ಪರ್ಧೆಗೆ ಅರ್ಹತೆ. ಕಂಪೆನಿಗಳು ಹಗುರ ದೇಹಕ್ಕೆ ಭಾರಿ ಟರ್ಬೊ ಎಂಜಿನ್ ಕೂಡಿಸಿದವು. 1986ರ ಮಾರ್ಚಿಯಲ್ಲಿ ಪೋರ್ಚುಗಲ್ ರ‍್ಯಾಲಿಯಲ್ಲಿ ಒಂದು ಕಾರು ಜನರ ಗುಂಪಿಗೆ ನುಗ್ಗಿ ಪ್ರೇಕ್ಷಕರು ಸತ್ತರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದಲ್ಲಿ ಫಿನ್ಲೆಂಡಿನ ಹೆನ್ರಿ ಟೊಯ್ವೊನೆನ್ ಮತ್ತು ಸಹಚಾಲಕ ಸೆರ್ಜಿಯೊ ಕ್ರೆಸ್ಟೊ ತಮ್ಮ ಲಾಂಚಿಯಾ ಕಾರಿನಲ್ಲಿ ಕಂದಕಕ್ಕೆ ಬಿದ್ದು ಸುಟ್ಟುಹೋದರು. ಆ ವರ್ಷದ ಕೊನೆಗೆ ಗ್ರೂಪ್ ಬಿ ಮುಗಿಯಿತು. ಎಂಜಿನ್ ಮಾಡುವ ವಿದ್ಯೆ ಮುಂದೆ ಓಡಿತ್ತು. ಅದನ್ನು ಹೊರುವ, ಹಿಡಿದು ನಿಲ್ಲಿಸುವ ವಿದ್ಯೆ ಹಿಂದೆ ಉಳಿದಿತ್ತು.

1987ರಿಂದ 'ಗ್ರೂಪ್ ಎ' ವರ್ಗ ಮುಖ್ಯವಾಯಿತು. ಸ್ಪರ್ಧೆಯ ಕಾರು ಜನ ಕೊಳ್ಳುವ ಕಾರಿನದೇ ರೂಪವಾಗಿರಬೇಕು; ಅಂಥ 5000 ಕಾರುಗಳನ್ನಾದರೂ ಮಾಡಿರಬೇಕು ಎಂದು ನಿಯಮವಾಯಿತು. ಇದರ ಪರಿಣಾಮ ವಿಚಿತ್ರವಾಗಿತ್ತು. ರ‍್ಯಾಲಿಯ ಹೊಡೆತ ತಡೆಯಬಲ್ಲ ಎಂಜಿನ್ನನ್ನು ಕಂಪೆನಿಗಳು ಪೇಟೆಯ ಕಾರಿಗೇ ಕೂಡಿಸಿ ಮಾರಬೇಕಾಯಿತು. ಟೊಯೊಟಾದ ಸೆಲಿಕಾ ಜಿಟಿ-ಫೋರ್, ಸುಬಾರುವಿನ ಇಂಪ್ರೆಜಾ, ಮಿತ್ಸುಬಿಷಿಯ ಲ್ಯಾನ್ಸರ್ ಇವೊಲ್ಯೂಷನ್ ಇವೆಲ್ಲ ಹೀಗೆ ಬೀದಿಗೆ ಬಂದವು. ಅವು ಹಳತಾದ ಮೇಲೆ ಗುಜರಿ ಅಂಗಡಿಗಳಲ್ಲಿ ಆ ಎಂಜಿನ್‌ಗಳು ದೊರೆಯತೊಡಗಿದವು. ಕಸಿ ಮಾಡುವ ಹವ್ಯಾಸಕ್ಕೆ ಬೀಜ ಬಿದ್ದದ್ದು ಇಲ್ಲಿ.

ಇಂಥ ಎಂಜಿನ್‌ಗಳಲ್ಲಿ ಟೊಯೊಟಾದ 3ಎಸ್-ಜಿಟಿಇ ಹೆಸರಾದದ್ದು. 1998 ಸಿಸಿ, ನಾಲ್ಕು ಸಿಲಿಂಡರ್, 16 ಕವಾಟ, ಎರಕದ ಕಬ್ಬಿಣದ ಗಟ್ಟಿ ಬ್ಲಾಕು. 1986ರಲ್ಲಿ ಸೆಲಿಕಾದಲ್ಲಿ ಬಂದಾಗ ಸುಮಾರು 185 ಅಶ್ವಶಕ್ತಿ ಇದ್ದದ್ದು ಮುಂದಿನ ರೂಪಗಳಲ್ಲಿ 240ನ್ನು ದಾಟಿತು. ಸ್ಪೇನಿನ ಕಾರ್ಲೋಸ್ ಸೈಂಜ್ 1990 ಮತ್ತು 1992ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಈ ಎಂಜಿನ್ನಿನ ಕಾರಿನಲ್ಲೇ. ಇದೇ ಕಂಪೆನಿಯ ಎಂಆರ್2 ಎಂಬ ಪುಟ್ಟ ಸ್ಪೋರ್ಟ್ಸ್ ಕಾರು 1984ರಲ್ಲಿ ಬಂದಿತ್ತು. ಎರಡೇ ಆಸನ, ಎಂಜಿನ್ ಚಾಲಕನ ಬೆನ್ನ ಹಿಂದೆ, ತೂಕ ಸುಮಾರು ಒಂದು ಟನ್, ಎಂಜಿನ್ 1.6 ಲೀಟರಿನದು, ಸುಮಾರು 120 ಅಶ್ವಶಕ್ತಿ. 1989ರ ಎರಡನೆಯ ತಲೆಮಾರಿನ ಎಂಆರ್2ಗೆ ಕಂಪೆನಿಯೇ ರ‍್ಯಾಲಿ ಎಂಜಿನ್ನನ್ನು ಕೂಡಿಸಿ ಮಾರಿತು. ಅದನ್ನು ಕಂಡ ಹವ್ಯಾಸಿಗಳು ಮೊದಲ ತಲೆಮಾರಿನ ಹಗುರ ಕಾರಿಗೂ ಅದನ್ನೇ ಇಳಿಸಲು ಹೊರಟರು.

ಕನ್ನಡ ನಾಡಿಗೂ ರ‍್ಯಾಲಿ ಅಪರಿಚಿತವಲ್ಲ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ದಶಕಗಳಿಂದ 'ಕೆ-1000' ರ‍್ಯಾಲಿಯನ್ನು ನಡೆಸುತ್ತ ಬಂದಿದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ 2016ರಲ್ಲಿ ಏಷ್ಯಾ-ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತು ನಡೆಯಿತು. ಆ ವರ್ಷ ಚಾಂಪಿಯನ್ ಆದ ಭಾರತದ ಗೌರವ್ ಗಿಲ್ ಓಡಿಸಿದ್ದು 1.6 ಲೀಟರಿನ ಟರ್ಬೊ ಎಂಜಿನ್ನಿನ ಸ್ಕೋಡಾ ಫೇಬಿಯಾ ಕಾರನ್ನು.

ಕಸಿಯ ಕೆಲಸ

ಹಾಗಾದರೆ ಎಂಜಿನ್ ಕಸಿ ಹೇಗೆ ನಡೆಯುತ್ತದೆ? ಹಳೆಯ ಎಂಜಿನ್ ಬಿಚ್ಚಿ ಹೊಸದನ್ನು ಸರಪಳಿಯಿಂದ ಇಳಿಸುವುದು ನೋಡುವವರ ಕಣ್ಣಿಗೆ ದೊಡ್ಡ ಕೆಲಸ. ಒಳ್ಳೆಯ ಮೇಸ್ತ್ರಿಗೆ ಅದು ಒಂದೆರಡು ದಿನದ್ದು. ತಿಂಗಳುಗಟ್ಟಲೆ ಹಿಡಿಯುವುದು ಆಮೇಲಿನದು.

ಮೊದಲು ಕೂಡುವ ಜಾಗ. ಎಂಜಿನ್ ನಿಲ್ಲಲು ಚಾಸಿಸಿನ ಮೇಲೆ ಹೊಸ ಕಾಲುಗಳನ್ನು ಬೆಸೆಯಬೇಕು. ಅವು ಎಂಜಿನ್ನಿನ ತೂಕವನ್ನಷ್ಟೇ ಅಲ್ಲ, ಅದು ಎಳೆಯುವಾಗ ತಿರುಚುವ ಬಲವನ್ನೂ ತಡೆಯಬೇಕು. ಎರಡನೆಯದು ಕ್ಲಚ್ಚು, ಗೇರುಪೆಟ್ಟಿಗೆ, ಚಕ್ರದ ದಂಡಗಳು. 120 ಅಶ್ವಶಕ್ತಿಗೆ ಅಳೆದು ಮಾಡಿದ ಹಲ್ಲುಗಳು 240ಕ್ಕೆ ಮುರಿಯುತ್ತವೆ. ಆದ್ದರಿಂದ ಎಂಜಿನ್ನಿನ ಜೊತೆಗೆ ಅದರದೇ ಗೇರುಪೆಟ್ಟಿಗೆ ಬರಬೇಕು. ಅದು ಬಂದರೆ ದಂಡಗಳ ಉದ್ದ ಹೊಂದುವುದಿಲ್ಲ. ದಂಡ ಬದಲಿಸಿದರೆ ಚಕ್ರದ ಗುಂಬ ಬದಲಿಸಬೇಕು. ಒಂದು ಗಂಟು ಬಿಚ್ಚಿದರೆ ಇನ್ನೊಂದು ಗಂಟು ಕಾಣುತ್ತದೆ.

ಮೂರನೆಯದು ತಂಪು. ರ‍್ಯಾಲಿ ಕಾರಿನಲ್ಲಿ ಎಂಜಿನ್ ಮುಂದಿರುತ್ತದೆ, ಎದುರುಗಾಳಿ ನೇರ ಹೊಡೆಯುತ್ತದೆ. ಎಂಆರ್2ದಲ್ಲಿ ಎಂಜಿನ್ ಬೆನ್ನ ಹಿಂದಿನ ಕತ್ತಲಕೋಣೆಯಲ್ಲಿ. ಗಾಳಿಯನ್ನು ಪಕ್ಕದ ಕಿಂಡಿಯಿಂದ ಕರೆತರಬೇಕು. ನೀರಿನ ಕೊಳವೆ ಕಾರಿನ ಉದ್ದಕ್ಕೂ ಮುಂದಿನ ರೇಡಿಯೇಟರಿಗೆ ಹೋಗಿ ಬರುತ್ತದೆ. ಅದರಲ್ಲಿ ಗಾಳಿಗುಳ್ಳೆ ನಿಂತರೂ ಎಂಜಿನ್ ಬೇಯುತ್ತದೆ. ನಾಲ್ಕನೆಯದು ನರಮಂಡಲ. ಇಂಧನ ಎಷ್ಟು, ಕಿಡಿ ಯಾವಾಗ, ಟರ್ಬೊ ಒತ್ತಡ ಎಷ್ಟು ಎಂಬುದನ್ನು ನಿರ್ಧರಿಸುವುದು ಒಂದು ಸಣ್ಣ ಗಣಕಯಂತ್ರ. ಅದರ ಹತ್ತಾರು ತಂತಿಗಳನ್ನು ಹಳೆಯ ಕಾರಿನ ತಂತಿಗಳಿಗೆ ಒಂದೊಂದಾಗಿ ಹೊಂದಿಸಬೇಕು. ಒಂದು ತಂತಿ ತಪ್ಪಿದರೆ ಎಂಜಿನ್ ಹೊತ್ತುವುದೇ ಇಲ್ಲ. ಅದು ಒಳ್ಳೆಯ ತಪ್ಪು. ಹೊತ್ತಿ, ಇಂಧನ ಕಡಿಮೆ ಬಿದ್ದು, ಒತ್ತಡ ಏರಿ ಪಿಸ್ಟನ್ ಕರಗುವುದು ಕೆಟ್ಟ ತಪ್ಪು.

ಐದನೆಯದು ತೂಕದ ಹಂಚಿಕೆ. ಕಬ್ಬಿಣದ ದೊಡ್ಡ ಎಂಜಿನ್ ಹಿಂದೆ ಕುಳಿತರೆ ಕಾರಿನ ಮೂಗು ಹಗುರವಾಗುತ್ತದೆ, ಬಾಲ ಭಾರವಾಗುತ್ತದೆ. ಹಿಂದೆ ಹೇರು ಹೆಚ್ಚಾದ ಚಕ್ಕಡಿಯಲ್ಲಿ ನೊಗ ಮೇಲಕ್ಕೆದ್ದು ಎತ್ತಿನ ಕೊರಳು ಬಿಗಿಯುವುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ತಿರುವಿನಲ್ಲಿ ಬಾಲ ಹೊರಗೆ ಬೀಸಿದರೆ ಹಿಡಿದು ತರಲು ಚಾಲಕನಿಗೆ ಸಮಯ ಇರುವುದಿಲ್ಲ. ಟರ್ಬೊ ನುಗ್ಗುವ ಕ್ಷಣವೂ ಅದೇ ಆದರೆ ಹೇಳುವುದೇ ಬೇಡ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬ್ರೇಕು. ಓಡುವ ವಾಹನದಲ್ಲಿ ತುಂಬಿಕೊಂಡ ಚೈತನ್ಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 60 ಕಿ.ಮೀ. ವೇಗ 120 ಆದರೆ ಬ್ರೇಕು ನುಂಗಬೇಕಾದ ಚೈತನ್ಯ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅಷ್ಟನ್ನೂ ಅದು ಬಿಸಿಯಾಗಿ ಮಾರ್ಪಡಿಸಿ ಗಾಳಿಗೆ ಬಿಡಬೇಕು. ಸಣ್ಣ ಡಿಸ್ಕು ಕೆಂಡವಾಗುತ್ತದೆ, ಎಣ್ಣೆ ಕುದಿಯುತ್ತದೆ, ಪೆಡಲು ಕಾಲಡಿಯಲ್ಲಿ ಮೆತ್ತಗಾಗುತ್ತದೆ. ಆದ್ದರಿಂದ ಅನುಭವಿಗಳು ಕಸಿಯ ಕೆಲಸವನ್ನು ಬ್ರೇಕಿನಿಂದ ಆರಂಭಿಸುತ್ತಾರೆ. ಎಂಜಿನ್ ಬರುವುದು ಆಮೇಲೆ. ಎಂಜಿನ್ ತರುವುದಕ್ಕೆ ದುಡ್ಡು ಸಾಕು. ಆ ಎಂಜಿನ್ನಿಗೆ ಯೋಗ್ಯವಾದ ದೇಹವನ್ನು ಕಟ್ಟುವುದಕ್ಕೆ ತಿಳಿವಳಿಕೆ ಬೇಕು.

ಮಂತ್ರಿಗಳ ಸಂಶಯ

ಅಮರುಕನ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಸತ್ತ ರಾಜ ಎದ್ದು ಕುಳಿತು ಮೊದಲಿಗಿಂತ ಜಾಣನಾಗಿ ಆಳತೊಡಗಿದಾಗ ಮಂತ್ರಿಗಳಿಗೆ ಸಂಶಯ ಬಂತು: ಮೈ ನಮ್ಮ ರಾಜನದೇ, ಒಳಗಿರುವವನು ಬೇರೆ! ವಾಹನಗಳ ವಿಷಯದಲ್ಲಿ ಈ ಮಂತ್ರಿಯ ಕೆಲಸವನ್ನು ಸಾರಿಗೆ ಇಲಾಖೆ ಮಾಡುತ್ತದೆ. ಚಾಸಿಸ್ ನಂಬರು, ಎಂಜಿನ್ ನಂಬರು ಎರಡೂ ನೋಂದಣಿ ಪತ್ರದಲ್ಲಿ ಇರುವುದು ಇದಕ್ಕಾಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು 2000ದಲ್ಲಿ ತಿದ್ದಿ ಬಿಗಿಗೊಳಿಸಲಾಯಿತು. ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂಬುದು ಅದರ ಸಾರ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆ ಇಂಥ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು. ಬೇರೆ ಇಂಧನಕ್ಕೆ ಹೊಂದಿಸುವಂಥ ಮಾರ್ಪಾಡಿಗೆ ನಿಯಮಬದ್ಧ ಅವಕಾಶವಿದೆ. ಹೀಗಾಗಿ ರ‍್ಯಾಲಿ ಎಂಜಿನ್ನಿನ ಕಸಿಗೆ ಭಾರತದಲ್ಲಿ ಸಾರ್ವಜನಿಕ ರಸ್ತೆ ತಕ್ಕ ಜಾಗವಲ್ಲ. ಅದಕ್ಕೆ ಮುಚ್ಚಿದ ಪಥವಿದೆ, ಸ್ಪರ್ಧೆಯ ನಿಯಮವಿದೆ.

ನಿಯಮದ ವಿಷಯದಲ್ಲಿ ಜಾಣತನ ತೋರಲು ಹೋಗಿ ದೊಡ್ಡವರೂ ಮುಗ್ಗರಿಸಿದ್ದಾರೆ. ರ‍್ಯಾಲಿ ಎಂಜಿನ್‌ಗಳ ಶಕ್ತಿಗೆ ಮಿತಿ ಹಾಕಲು, ಟರ್ಬೊ ಗಾಳಿ ಎಳೆಯುವ ಬಾಯಿಗೆ 34 ಮಿಲಿಮೀಟರಿನ ಒಂದು ಉಂಗುರ ಕೂಡಿಸಬೇಕೆಂದು 1995ರಲ್ಲಿ ನಿಯಮವಾಯಿತು. ಅದೇ ವರ್ಷ ಸ್ಪೇನಿನಲ್ಲಿ ಟೊಯೊಟಾ ತಂಡದ ಕಾರುಗಳನ್ನು ಬಿಚ್ಚಿ ನೋಡಿದ ಪರಿಶೀಲಕರಿಗೆ, ಉಂಗುರವನ್ನು ತಪ್ಪಿಸಿ ಗಾಳಿ ನುಗ್ಗುವಂಥ ಗುಪ್ತ ರಚನೆ ಕಂಡಿತು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇತ್ತು. ತಂಡಕ್ಕೆ 12 ತಿಂಗಳ ನಿಷೇಧ ಬಿತ್ತು. ವಿಶ್ವವನ್ನೇ ಗೆದ್ದ ಎಂಜಿನ್ನಿನ ಕಥೆಗೆ ಹೀಗೊಂದು ಕಪ್ಪು ಚುಕ್ಕೆ ಉಳಿಯಿತು.

ಕಬ್ಬಿನ ಹಂಗಾಮಿನಲ್ಲಿ

ಈ ದೂರದ ಕಥೆಗಳನ್ನೆಲ್ಲ ಈ ಊರಿನಲ್ಲಿ ಹೇಳುವುದಕ್ಕೆ ಕಾರಣವಿದೆ. ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿಯ ರಸ್ತೆಗಳನ್ನು ನೋಡಿ. ಟ್ರ್ಯಾಕ್ಟರಿನ ಹಿಂದೆ ಒಂದಲ್ಲ, ಎರಡು ಟ್ರೇಲರು. ಅವುಗಳ ಮೇಲೆ ಆಳೆತ್ತರಕ್ಕೂ ಮೀರಿದ ಕಬ್ಬು. ಒಂದು ತಲೆಮಾರಿನ ಹಿಂದೆ 35 ಅಶ್ವಶಕ್ತಿಯ ಟ್ರ್ಯಾಕ್ಟರು ದೊಡ್ಡದು ಎನ್ನಿಸುತ್ತಿತ್ತು. ಈಗ 50, 60 ಸಾಮಾನ್ಯ. ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯಗಳೂ ನಡೆಯುತ್ತವೆ. ಎಳೆಯುವ ಶಕ್ತಿ ಹೆಚ್ಚಿತು, ಹೇರು ಹೆಚ್ಚಿತು. ಆದರೆ ಹಿಂದಿನ ಎರಡು ಟ್ರೇಲರುಗಳನ್ನು ತಡೆಯುವ ಬ್ರೇಕು ಎಲ್ಲಿದೆ? ಎಷ್ಟೋ ಟ್ರೇಲರುಗಳಿಗೆ ಅದು ಇಲ್ಲವೇ ಇಲ್ಲ. ಅಷ್ಟೂ ಭಾರವನ್ನು ತಡೆಯಬೇಕಾದದ್ದು ಮುಂದಿನ ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳು. ಏರಿನಲ್ಲಿ ಎಳೆದೊಯ್ದ ಎಂಜಿನ್ ಇಳಿತದಲ್ಲಿ ಕೈಬಿಡುತ್ತದೆ. ಹಿಂದಿನ ಹೇರು ಮುಂದಿನ ಟ್ರ್ಯಾಕ್ಟರನ್ನೇ ನೂಕುತ್ತದೆ. ರಾತ್ರಿ ಕೆಟ್ಟು ನಿಂತ ಟ್ರೇಲರಿಗೆ ಹಿಂದೆ ಕೆಂಪು ದೀಪವಾಗಲಿ, ಹೊಳೆಯುವ ಪಟ್ಟಿಯಾಗಲಿ ಇಲ್ಲದಿದ್ದರೆ ಬೈಕಿನಲ್ಲಿ ಬರುವ ಹುಡುಗನಿಗೆ ಅದು ಕಾಣುವುದು ತೀರ ಹತ್ತಿರ ಬಂದ ಮೇಲೆ.

ಕಾರ್ಸಿಕಾದ ಕಂದಕದಲ್ಲಿ ಕಂಡದ್ದೂ ಕಬ್ಬಿನ ರಸ್ತೆಯಲ್ಲಿ ಕಾಣುವುದೂ ಒಂದೇ ತಪ್ಪು. ಶಕ್ತಿಯನ್ನು ಮೊದಲು ತಂದು, ಅದನ್ನು ಹೊರುವ, ತಡೆಯುವ ಅಂಗಗಳನ್ನು ಆಮೇಲೆ ನೋಡಿದರಾಯಿತು ಎಂಬ ತಪ್ಪು. ಶ್ರೀಮಂತನ ಹವ್ಯಾಸದಲ್ಲಿ ಅದರ ಬೆಲೆಯನ್ನು ಬಹುಮಟ್ಟಿಗೆ ಅವನೇ ತೆರುತ್ತಾನೆ. ರಸ್ತೆಯ ಮೇಲೆ ಅದನ್ನು ತೆರುವವನು ಎದುರಿನಿಂದ ಬರುವ ಬೇರೆಯವನು.

ಈ ಭಾಗದ ಮೇಸ್ತ್ರಿಗಳ ಕೈಯಲ್ಲಿ ವಿದ್ಯೆಯಿದೆ. ಪಂಪಿನ ಎಂಜಿನ್ನನ್ನು ಗಾಣಕ್ಕೆ ಹೂಡಿದವರು, ಹಳೆಯ ಜೀಪಿಗೆ ಜೀವ ಕೊಟ್ಟವರು ಯಾವ ದೇಶದ ಹವ್ಯಾಸಿಗೂ ಕಡಿಮೆಯವರಲ್ಲ. ಇನ್ನೂ ನಾಲ್ಕು ಅಶ್ವಶಕ್ತಿ ಹೆಚ್ಚಿಸಿಕೊಡು ಎಂದು ಕೇಳಿಬರುವ ಗಿರಾಕಿಗೆ, ಮೊದಲು ಬ್ರೇಕು ತೋರಿಸಪ್ಪ ಎಂದು ಹೇಳುವ ಅಧಿಕಾರವೂ ಅವರಿಗಿದೆ. ಆ ಒಂದು ಮಾತನ್ನು ಗ್ಯಾರೇಜಿನ ಬಾಗಿಲಲ್ಲೇ ಆಡುವ ರೂಢಿ ಬೆಳೆದರೆ ಈ ಸೀಮೆಯ ಎಷ್ಟೋ ಮನೆಗಳ ದೀಪ ಆರದೆ ಉಳಿಯುತ್ತದೆ.